ಒಂದೇ ವಸತಿಗೃಹ, ಹಲವು ಋತುಗಳು

ಕಾಡಂಚಿನ ವಸತಿಗೃಹದಲ್ಲಿ ಉಳಿಯಬೇಕೆಂದು ಯೋಚಿಸುವವರು ಮೊದಲು ಕೇಳುವುದು, ಯಾವ ತಿಂಗಳಲ್ಲಿ ಹೋದರೆ ಪ್ರಾಣಿಗಳು ಚೆನ್ನಾಗಿ ಕಾಣಿಸುತ್ತವೆ ಎಂದು. ರಜೆ ಕಡಿಮೆ, ಖರ್ಚು ಹೆಚ್ಚು. ಹಾಗಾಗಿ ಈ ಪ್ರಶ್ನೆ ಸಹಜವೇ. ಆದರೆ ಇದಕ್ಕೆ ಸಿಗುವ ಉತ್ತರ ಬಹುಮಟ್ಟಿಗೆ ಆನೆ, ಹುಲಿ, ಸಿಂಹ, ಕರಡಿಗಳಂತಹ ದೊಡ್ಡ ಪ್ರಾಣಿಗಳನ್ನಷ್ಟೇ ಲೆಕ್ಕಕ್ಕೆ ಹಿಡಿದಿರುತ್ತದೆ, ಆ ಲೆಕ್ಕದಲ್ಲಿ ವರ್ಷದ ಬಹುಪಾಲು ‘ಸೀಸನ್ ಅಲ್ಲ’ ಎಂಬ ಪಟ್ಟಿಗೆ ಸೇರಿಹೋಗುತ್ತದೆ. ಒಳ್ಳೆಯ ತಿಂಗಳು ನೋಡಿಕೊಂಡು ಪ್ರತಿ ವರ್ಷವೂ ಹೊಸದೊಂದು ಕಾಡಿಗೆ ಹೋಗುವುದಕ್ಕಿಂತ, ಹನ್ನೆರಡು ತಿಂಗಳೂ ತೆರೆದಿರುವ ಒಂದೇ ವಸತಿಗೃಹಕ್ಕೆ ಬೇರೆ ಬೇರೆ ಋತುಗಳಲ್ಲಿ ಮರಳಿ ಹೋಗುವವರಿಗೆ ಕಾಡು ಹೆಚ್ಚು ಅರ್ಥವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಒಣ ತಿಂಗಳುಗಳಿಗೆ ಬೇಡಿಕೆ ಬಂದಿರುವುದು ನೀರಿನ ಕಾರಣದಿಂದ. ನೀರು ಕಡಿಮೆಯಾದಷ್ಟೂ ಪ್ರಾಣಿಗಳು ಉಳಿದಿರುವ ನೀರಿನ ಸುತ್ತ ಸೇರುತ್ತವೆ, ಎಲೆ ಉದುರಿದ ಪೊದೆಗಳ ನಡುವೆ ದೂರದವರೆಗೂ ಕಣ್ಣು ಹಾಯುತ್ತದೆ. 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟಿನ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ತೆರೆದುಕೊಳ್ಳುವ ನೆಲದಲ್ಲಿ ಎಳೆ ಹುಲ್ಲು ಚಿಗುರುತ್ತದೆ; ಬಂಡೀಪುರ ಮತ್ತು ನಾಗರಹೊಳೆ ಕಾಡುಗಳ ಆನೆಗಳು ಹಿಂಡು ಹಿಂಡಾಗಿ ಆ ಹುಲ್ಲಿಗೆ ಇಳಿದು ಬರುತ್ತವೆ. ಜಾಂಬಿಯಾದ ಲುವಾಂಗ್ವಾ ನದಿ ಬತ್ತುತ್ತಾ ಬಂದಾಗ ನೀರಾನೆಗಳು ಉಳಿದ ಮಡುಗಳಲ್ಲಿ ಮೈಗೆ ಮೈ ತಾಗಿಸಿಕೊಂಡು ನಿಲ್ಲುತ್ತವೆ, ನೀರು ತಗ್ಗಿ ಹೊರಬಂದ ಕಡಿದಾದ ದಂಡೆಗಳಲ್ಲಿ ಸೆಪ್ಟೆಂಬರ್ ಸುಮಾರಿಗೆ ಕಡುಗೆಂಪು ಕಳ್ಳಿಪೀರ ಹಕ್ಕಿಗಳು ಬಿಲ ಕೊರೆದು ಗೂಡು ಮಾಡುತ್ತವೆ. ಅದೇ ಕಣಿವೆಯ ಅನೇಕ ಶಿಬಿರಗಳು ಮಳೆ ಹಿಡಿದೊಡನೆ ಬಾಗಿಲು ಹಾಕುತ್ತವೆ. ಪ್ರಾಣಿಗಳು ಇಲ್ಲವಾದವೆಂದಲ್ಲ, ಮಣ್ಣಿನ ದಾರಿಗಳಲ್ಲಿ ವಾಹನ ಓಡುವುದಿಲ್ಲವೆಂದು. ಮಧ್ಯಪ್ರದೇಶದ ಹುಲಿ ಸಂರಕ್ಷಿತ ಪ್ರದೇಶಗಳ ಒಳವಲಯಗಳು ಜುಲೈಯಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿರುವುದಕ್ಕೂ ಮಳೆಯೇ ನೆಪ. ಸೀಸನ್ ಎಂದು ನಾವು ಕರೆಯುವುದರಲ್ಲಿ ಪ್ರಾಣಿಗಳ ಪಾಲು ಎಷ್ಟು, ಚಕ್ರಗಳ ಪಾಲು ಎಷ್ಟು ಎಂದು ಒಮ್ಮೆ ಯೋಚಿಸಬೇಕು.

ದೊಡ್ಡ ಪ್ರಾಣಿಗಳ ಮಟ್ಟಿಗೂ ಒಣ ಕಾಲವೇ ಶ್ರೇಷ್ಠವೆಂಬುದು ಎಲ್ಲ ಕಡೆಗೂ ಹೊಂದುವ ಮಾತಲ್ಲ. ತಾಂಜಾನಿಯಾದ ಸೆರೆಂಗೆಟಿಯಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿದ ವಿಲ್ಡೆಬೀಸ್ಟ್ ಎಂಬ ದೊಡ್ಡ ಹುಲ್ಲೆಗಳು ಮರಿ ಹಾಕುವುದು ಮಳೆ ಬಿದ್ದು ಹಸಿರಾಗಿರುವ ದಕ್ಷಿಣದ ಗಿಡ್ಡಹುಲ್ಲಿನ ಬಯಲಿನಲ್ಲಿ, ವರ್ಷದ ಮೊದಲ ತಿಂಗಳುಗಳಲ್ಲಿ. ಅಲ್ಲಿನ ಮಣ್ಣು ಜ್ವಾಲಾಮುಖಿಗಳ ಬೂದಿಯಿಂದ ಆದದ್ದು. ಅದರಲ್ಲಿ ಬೆಳೆದ ಹುಲ್ಲಿನಲ್ಲಿ ಹಾಲೂಡುವ ತಾಯಿಗೆ ಬೇಕಾದ ಖನಿಜಗಳು ಹೇರಳವಾಗಿವೆ. ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಕೆನಡಾದಿಂದ ತೋಳಗಳನ್ನು ತಂದು ಬಿಟ್ಟದ್ದು 1995 ಮತ್ತು 1996ರಲ್ಲಿ. ಅವುಗಳನ್ನು ನೋಡಲು ಅನುಭವಿಗಳು ಕೊರೆಯುವ ಚಳಿಗಾಲವನ್ನೇ ಆರಿಸುತ್ತಾರೆ, ಏಕೆಂದರೆ ಹಿಮ ಬಿದ್ದಾಗ ಎಲ್ಕ್ ಜಿಂಕೆಗಳು ಎತ್ತರದಿಂದ ಕಣಿವೆಗೆ ಇಳಿಯುತ್ತವೆ, ಅವುಗಳ ಹಿಂದೆ ತೋಳಗಳೂ ಇಳಿಯುತ್ತವೆ, ಬಿಳಿಯ ನೆಲದ ಮೇಲೆ ಕಪ್ಪು ತೋಳವೊಂದನ್ನು ಬಹು ದೂರದಿಂದಲೇ ಗುರುತಿಸಬಹುದು. ಉದ್ಯಾನದ ಬಹುತೇಕ ರಸ್ತೆಗಳು ಆಗ ಕಾರುಗಳಿಗೆ ಮುಚ್ಚಿದ್ದರೂ ಲಮಾರ್ ಕಣಿವೆಯ ಮೂಲಕ ಹಾಯುವ ಉತ್ತರದ ರಸ್ತೆ ವರ್ಷವಿಡೀ ತೆರೆದಿರುತ್ತದೆ.

ನನಗೆ ಅತ್ಯಂತ ಪ್ರಿಯವಾದದ್ದು ಮಳೆಗಾಲ. ಎಲ್ಲೆಲ್ಲೂ ನೀರಿರುವುದರಿಂದ ದೊಡ್ಡ ಪ್ರಾಣಿಗಳು ಚದುರಿಹೋಗಿರುತ್ತವೆ, ಹುಲ್ಲು ಆಳೆತ್ತರಕ್ಕೆ ಬೆಳೆದಿರುತ್ತದೆ, ವಾಹನ ಹೊರಡುತ್ತದೆಯೋ ಇಲ್ಲವೋ ಎಂಬುದು ಬೆಳಗಿನವರೆಗೂ ಖಚಿತವಿರುವುದಿಲ್ಲ. ಹೀಗಾಗಿ ನೋಡುವವನ ಲಕ್ಷ್ಯ ತಾನಾಗಿಯೇ ಜಗಲಿಯ ಸುತ್ತಲಿನ ಇಪ್ಪತ್ತು ಹೆಜ್ಜೆಗಳೊಳಗೆ ನೆಲೆಗೊಳ್ಳುತ್ತದೆ. ಮೊದಲ ಮಳೆಗಳ ಹಿಂದೆಯೇ ಹುತ್ತಗಳಿಂದ ರೆಕ್ಕೆ ಬಂದ ಗೆದ್ದಲು ಏಳುವ ಸಂಜೆ ಸಿಕ್ಕರೆ, ಹಕ್ಕಿ, ಕಪ್ಪೆ, ಹಲ್ಲಿ, ಬಾವಲಿಗಳೆಲ್ಲ ಒಂದೇ ಔತಣಕ್ಕೆ ಬಂದು ಸೇರುವುದನ್ನು ಕುರ್ಚಿ ಬಿಟ್ಟು ಏಳದೆ ನೋಡಬಹುದು. ಕತ್ತಲಾದ ಮೇಲೆ ಕೊಳದ ಕಪ್ಪೆಗಳ ಗದ್ದಲ ಮೊದಲಿಗೆ ಒಂದೇ ಸದ್ದಿನ ಮುದ್ದೆಯಂತೆ ಕೇಳಿಸುತ್ತದೆ; ಎರಡು ಮೂರು ರಾತ್ರಿ ಕೂತು ಕೇಳಿದವರಿಗೆ ಅದು ಬೇರೆ ಬೇರೆ ದನಿಗಳಾಗಿ ಬಿಡಿಸಿಕೊಳ್ಳುತ್ತದೆ, ಏಕೆಂದರೆ ಪ್ರತಿ ಜಾತಿಯ ಗಂಡು ತನ್ನದೇ ಕೂಗಿನಿಂದ ತನ್ನ ಜಾತಿಯ ಹೆಣ್ಣನ್ನು ಕರೆಯುತ್ತದೆ. ಕೂಗುತ್ತಿರುವ ಕಪ್ಪೆಯನ್ನು ಒಬ್ಬರೇ ಹುಡುಕುವುದು ಕಷ್ಟ. ಇಬ್ಬರು ದೂರ ದೂರ ನಿಂತು, ಸದ್ದು ಬಂದ ಕಡೆಗೆ ತಮ್ಮ ತಮ್ಮ ಟಾರ್ಚ್ ಹಿಡಿದರೆ, ಎರಡು ಬೆಳಕೂ ಕೂಡುವಲ್ಲಿ ಕಪ್ಪೆ ಇರುತ್ತದೆ.

ದಕ್ಷಿಣ ಏಷ್ಯಾದ ಗೀಜಗ ಗೂಡು ನೇಯುವುದೂ ಮಳೆಗಾಲದಲ್ಲೇ. ಗಂಡು ಅರ್ಧ ಗೂಡನ್ನು ಹೆಣೆದು ಹೆಣ್ಣಿಗೆ ತೋರಿಸುತ್ತದೆ, ಅವಳು ಒಪ್ಪಿದರೆ ಮಾತ್ರ ಉದ್ದನೆಯ ಬಾಗಿಲ ಕೊಳವೆಯನ್ನು ಪೂರ್ತಿ ಮಾಡುತ್ತದೆ. ಚಳಿಗಾಲದಲ್ಲಿ ಅದೇ ಮರದಡಿ ನಿಂತವರಿಗೆ, ಕೊಳವೆಯಿಲ್ಲದೆ ತೂಗುತ್ತಿರುವ ಅರೆಗೂಡುಗಳು ಹೆಣ್ಣಿಗೆ ಒಪ್ಪಿಗೆಯಾಗದವು ಎಂದು ತಿಳಿದಿರುತ್ತದೆ. ಬೇಸಿಗೆಯಲ್ಲಷ್ಟೇ ಬಂದವರಿಗೆ ಅವು ಹರಿದುಹೋದ ಗೂಡುಗಳಾಗಿ ಕಾಣುತ್ತವೆ. ಕೊಂಬುಗಳ ವಿಷಯವೂ ಹೀಗೆಯೇ. ಜಿಂಕೆಯ ಕವಲುಗೊಂಬು ಉದುರುವುದು, ಮಖಮಲ್ಲಿನಂತಹ ಚರ್ಮದೊಳಗೆ ಮತ್ತೆ ಬೆಳೆಯುವುದು, ಚರ್ಮವನ್ನು ಮರಕ್ಕೆ ಉಜ್ಜಿ ಕಳಚಿ ಕಾಳಗಕ್ಕೆ ಸಿದ್ಧವಾಗುವುದು, ಇವೆಲ್ಲ ಒಂದೇ ಪ್ರಾಣಿಯ ಒಂದೇ ವರ್ಷದ ಕಥೆ. ಒಂದು ಭೇಟಿಯಲ್ಲಿ ಅದರ ಒಂದು ಪುಟ ಮಾತ್ರ ಸಿಗುತ್ತದೆ.

ಪ್ರಾಣಿಗಳ ಬೆನ್ನು ಹತ್ತುವ ಬದಲು ಕುಳಿತಲ್ಲೇ ಅವು ಬರುವುದನ್ನು ಕಾಯುವ ವಸತಿಗೃಹಗಳ ಇತಿಹಾಸ ಹಳೆಯದು. ಕೀನ್ಯಾದ ಅಬರ್ಡೇರ್ ಕಾಡಿನಲ್ಲಿ 1932ರಲ್ಲಿ ಮರದ ಮೇಲೆ ಕಟ್ಟಿದ ‘ಟ್ರೀಟಾಪ್ಸ್’ ಅದಕ್ಕೆ ಪ್ರಸಿದ್ಧ ಉದಾಹರಣೆ. ನೀರಿನ ಹೊಂಡವನ್ನು ಮೇಲಿನಿಂದ ನೋಡುತ್ತಾ ಅತಿಥಿಗಳು ಅಲ್ಲಿ ರಾತ್ರಿ ಕಳೆಯುತ್ತಿದ್ದರು. 1952ರ ಫೆಬ್ರವರಿಯಲ್ಲಿ ರಾಜಕುಮಾರಿ ಎಲಿಜಬೆತ್ ಅಲ್ಲಿ ತಂಗಿದ್ದ ರಾತ್ರಿಯೇ ಇಂಗ್ಲೆಂಡಿನಲ್ಲಿ ಆಕೆಯ ತಂದೆ ತೀರಿಕೊಂಡರು. ಕಾಯುವ ಈ ಪದ್ಧತಿ ನನಗೆ ಇಷ್ಟ. ಆದರೆ ಪ್ರಾಣಿ ತಾನಾಗಿ ಬರುವುದಕ್ಕೂ ಉಪ್ಪು ಹರಡಿ, ಆಹಾರ ಇಟ್ಟು ಬರಿಸಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ನಾನು ಉಳಿದಿದ್ದ ಒಂದು ಕಡೆ ಅತಿಥಿಗಳಿಗೆಂದು ಧ್ವನಿಮುದ್ರಿತ ಹಕ್ಕಿದನಿಯನ್ನು ಮತ್ತೆ ಮತ್ತೆ ನುಡಿಸುತ್ತಿದ್ದರು. ತನ್ನ ಗಡಿಯೊಳಗೆ ಎದುರಾಳಿ ನುಗ್ಗಿತೆಂದು ತಿಳಿದ ಗಂಡುಹಕ್ಕಿ, ಮರಿಗಳಿಗೆ ಗುಟುಕು ತರುವುದನ್ನು ಬಿಟ್ಟು ಕೊಂಬೆಯಿಂದ ಕೊಂಬೆಗೆ ಹಾರಾಡುತ್ತಿತ್ತು. ಫೋಟೋಗಳು ಚೆನ್ನಾಗಿ ಬಂದವು ಎಂದು ಎಲ್ಲರೂ ಸಂತೋಷಪಟ್ಟರು. ಅಲ್ಲಿಗೆ ನಾನು ಮತ್ತೆ ಹೋಗಿಲ್ಲ.

ಹಾಗಾದರೆ ಯಾವ ವಸತಿಗೃಹವನ್ನು ಆರಿಸಿಕೊಳ್ಳಬೇಕು? ಕೋಣೆಯ ಅಂದಕ್ಕಿಂತ ಮೊದಲು ನಾನು ವಿಚಾರಿಸುವುದು, ಪ್ರಾಣಿ ತೋರಿಸುವವರು ವರ್ಷವಿಡೀ ಅಲ್ಲೇ ಇರುವವರೋ, ಪ್ರವಾಸಿಗಳು ಬರುವ ತಿಂಗಳುಗಳಿಗಷ್ಟೇ ಬರುವವರೋ ಎಂದು. ಅಲ್ಲೇ ನೆಲೆಸಿದವರಿಗೆ ಯಾವ ಮರ ಯಾವಾಗ ಹಣ್ಣು ಬಿಡುತ್ತದೆ ಎಂಬುದು ಗೊತ್ತಿರುತ್ತದೆ. ಹಣ್ಣು ತುಂಬಿದ ಅತ್ತಿಯ ಜಾತಿಯ ಒಂದೇ ಮರದ ಎದುರು ಕಳೆದ ಬೆಳಗು ಅನೇಕ ಸಫಾರಿಗಳಿಗಿಂತ ಹೆಚ್ಚು ಪ್ರಾಣಿಪಕ್ಷಿಗಳನ್ನು ತೋರಿಸಬಲ್ಲದು. ಎರಡನೆಯದಾಗಿ ರಾತ್ರಿಯ ದೀಪಗಳನ್ನು ಗಮನಿಸುತ್ತೇನೆ. ಅಂಗಳವೆಲ್ಲ ಬೆಳ್ಳಗೆ ಬೆಳಗುವ ಕಡೆ ಪತಂಗಗಳು ದೀಪ ಸುತ್ತಿ ಸಾಯುತ್ತವೆ, ಕತ್ತಲನ್ನು ನಂಬಿದ ಪ್ರಾಣಿಗಳು ಹತ್ತಿರ ಸುಳಿಯುವುದಿಲ್ಲ. ನಡೆದು ನೋಡಲು ಅವಕಾಶವಿದ್ದರೆ ಇನ್ನೂ ಒಳ್ಳೆಯದು; ಹೆಜ್ಜೆ ಗುರುತು, ಹಿಕ್ಕೆ, ಉಜ್ಜಿದ ತೊಗಟೆಗಳನ್ನು ವಾಹನದಲ್ಲಿ ಕುಳಿತು ಓದಲಾಗದು.

ಸಲಕರಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 8×42 ಅಳತೆಯ (ಎಂಟು ಪಟ್ಟು ಹಿಗ್ಗಿಸುವ, ಮುಂಗಾಜು 42 ಮಿಲಿಮೀಟರ್ ಅಗಲದ) ಬೈನಾಕ್ಯುಲರ್ ಒಂದಿದ್ದರೆ ನಸುಕಿಗೂ ಮುಸ್ಸಂಜೆಗೂ ಸಾಕಾಗುವಷ್ಟು ಬೆಳಕು ಕಣ್ಣಿಗೆ ಸಿಗುತ್ತದೆ, ಕೈ ನಡುಗಿದರೂ ಚಿತ್ರ ಅಷ್ಟಾಗಿ ಅಲುಗಾಡುವುದಿಲ್ಲ. ಟಾರ್ಚನ್ನು ಕಣ್ಣಿನ ಮಟ್ಟದಲ್ಲಿ ಹಿಡಿಯಬೇಕು, ಏಕೆಂದರೆ ಅನೇಕ ನಿಶಾಚರಿಗಳ ಕಣ್ಣಿನ ಹಿಂಪದರ ಬೆಳಕನ್ನು ಬಂದ ದಾರಿಯಲ್ಲೇ ಹಿಂದಿರುಗಿಸುತ್ತದೆ. ಕಣ್ಣು ಹೊಳೆದೊಡನೆ ಬೆಳಕನ್ನು ಪಕ್ಕಕ್ಕೆ ಸರಿಸುವುದು ಸೌಜನ್ಯ.

ಮರಳಿ ಹೋಗುವವರಿಗೆ ದಿನಚರಿ ಪುಸ್ತಕವೇ ಎಲ್ಲಕ್ಕಿಂತ ಉಪಯುಕ್ತ. ಕೆಲವು ವಸತಿಗೃಹಗಳಲ್ಲಿ ಅತಿಥಿಗಳು ಕಂಡದ್ದನ್ನು ಬರೆಯಲು ಒಂದು ದಪ್ಪ ಪುಸ್ತಕ ಇಟ್ಟಿರುತ್ತಾರೆ. ಅದನ್ನು ತಿರುವಿದಾಗ ಚಿರತೆ ಕಂಡ ದಿನಗಳಿಗೆ ಎರಡೆರಡು ಪುಟ, ಏನೂ ಕಾಣದ ದಿನಗಳಿಗೆ ಒಂದು ಸಾಲೂ ಇಲ್ಲದಿರುವುದು ಗಮನಕ್ಕೆ ಬರುತ್ತದೆ. ಎಷ್ಟು ಹೊತ್ತು ಕುಳಿತೆವು, ಎಲ್ಲಿ ಕುಳಿತೆವು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಏನು ಕಾಣಲಿಲ್ಲ ಎಂಬುದನ್ನೂ ದಾಖಲಿಸಿದರೆ ಮಾತ್ರ ಒಂದು ತಿಂಗಳನ್ನು ಇನ್ನೊಂದರೊಡನೆ ಹೋಲಿಸಿ ನೋಡಬಹುದು. ಆದ್ದರಿಂದ ನಾನು ಖಾಲಿ ದಿನಗಳನ್ನೂ ಬರೆದಿಡುತ್ತೇನೆ. ಮುಂದಿನ ಅತಿಥಿಗಳಲ್ಲಿ ಕೆಲವರಿಗೆ ಅದು ದೂರು ಬರೆದಂತೆ ಕಂಡಿದೆಯೆಂದು ಅಲ್ಲಿಯ ಸಿಬ್ಬಂದಿ ನಗುತ್ತಾ ಹೇಳಿದ್ದುಂಟು.