ಮೊದಲು ಯಾವ ಬಟ್ಟಲು, ಸಣ್ಣದಾ ದೊಡ್ಡದಾ?

ಒಂದೇ ಮರದ ತುಂಡಿನಿಂದ ಒಂದರೊಳಗೊಂದು ಕೂರುವ ನಾಲ್ಕು ಬಟ್ಟಲು ಕಡೆಯಬಹುದು ಅಂದ ಕೂಡಲೇ ಎಲ್ಲರೂ ಕೇಳೋದು ಇದನ್ನೇ: ಮೊದಲು ಯಾವುದನ್ನು ತೆಗೀತೀರಾ? ನಾನಂತೂ ಸಣ್ಣದನ್ನೇ. ದೊಡ್ಡದನ್ನು ಮೊದಲು ತೆಗೆಯುವವರೂ ಇದ್ದಾರೆ, ಅದೇನೂ ತಪ್ಪಲ್ಲ, ಆದರೆ ಹೊಸದಾಗಿ ಕಲಿಯುವವರು ಆ ಗೋಜಿಗೆ ಹೋಗೋದು ಬೇಡ.

ಕಾರಣ ಹಿಡಿತ. ತುಂಡಿನ ಹಿಂಬದಿಯಲ್ಲಿ ಗಿಡ್ಡ ಮೂತಿ ಬಿಟ್ಟು ಕಡೆದಿರ್ತೀವಿ, ಅದನ್ನು ಲೇತಿನ (ಮರವನ್ನು ತಿರುಗಿಸುವ ಯಂತ್ರದ) ಚಕ್, ಅಂದರೆ ದವಡೆಯಂಥ ಹಿಡಿ, ಕಚ್ಚಿಕೊಂಡಿರುತ್ತೆ. ಬ್ಲೇಡಿನಿಂದ ಕೊರೆದಾಗ ನಟ್ಟನಡುವಿನ ಸಣ್ಣ ಗಡ್ಡೆ, ಅಂದರೆ ಮುಂದೆ ಬಟ್ಟಲಾಗುವ ಗಟ್ಟಿ ತುಂಡು, ಎದ್ದು ಬಂದರೂ ಆ ಹಿಡಿತ ಹಾಗೇ ಇರುತ್ತೆ. ದೊಡ್ಡ ಬ್ಲೇಡ್ ಹಾಕಿ ಇನ್ನೊಂಚೂರು ಹೊರಗಿನಿಂದ ಕೊರೆದರೆ ಮುಂದಿನದು ಬಂತು. ಅದೇ ದೊಡ್ಡದನ್ನು ಮೊದಲು ಬಿಡಿಸಿದರೆ, ಒಳಗಿಂದ ಈಚೆಗೆ ಬರುವ ಗಡ್ಡೆಗೆ ಮೂತಿಯೇ ಇಲ್ಲ. ಅದಕ್ಕೊಂದು ಮೂತಿ ಕಡೆದು, ಚಕ್ಕಿಗೆ ಕೂರಿಸಿ, ಅಲುಗಾಡದ ಹಾಗೆ ಸರಿಮಾಡಿ, ಆಮೇಲೆ ಮತ್ತೆ ಕೊರೆಯೋದು. ಕೊನೆಗೆ ಎಲ್ಲಕ್ಕೂ ಮೂತಿ ಬೇಕೇ ಬೇಕು, ನಿಜ. ಆ ಕೆಲಸ ನಿಧಾನಕ್ಕೆ ಮಾಡಿದರಾಯ್ತು.

ಬ್ಲೇಡ್ ಬಾಗಿರುತ್ತೆ. ಕೆನಡಾದ ಒನ್‌ವೇ, ನ್ಯೂಜಿಲೆಂಡಿನ ವುಡ್‌ಕಟ್ ಕಂಪನಿಗಳ ಕೊರೆಯುವ ಸಾಧನಗಳಲ್ಲಿ ಅದು ಒಂದು ಕೀಲಿನ ಸುತ್ತ ತಿರುಗೋದ್ರಿಂದ ದಾರಿ ತಪ್ಪೋದು ಕಡಿಮೆ, ಆಕಾರ ಮಾತ್ರ ಯಾವಾಗಲೂ ಅರೆಗೋಳವೇ. ಮೆಕ್‌ನಾಟನ್ ಅನ್ನೋ ಇನ್ನೊಂದು ಸಾಧನದಲ್ಲಿ ಕೀಲಿಲ್ಲ, ಬ್ಲೇಡಿನ ದಿಕ್ಕನ್ನು ಕೈಯೇ ಕಾಯಬೇಕು. ಕೋನ ತಪ್ಪಿದರೆ ಹೊರ ಬಟ್ಟಲಿನ ತಳ ತೂತು!

ಹಸಿ ಮರವನ್ನೇ ತಗೊಳ್ಳಿ. ಅರ್ಧ ಇಂಚೂ ಇರದ ಸೀಳಿನಲ್ಲಿ ಒದ್ದೆ ಸಿಪ್ಪೆ ಒತ್ತಿ ಕೂತರೆ ಬ್ಲೇಡ್ ಕಚ್ಚಿಕೊಳ್ಳುತ್ತೆ, ಹಾಗಾಗಿ ಆಗಾಗ ಹಿಂದಕ್ಕೆಳೆದು ಸಿಪ್ಪೆ ಉದುರಿಸ್ತಾ ಇರಬೇಕು. ಕೊರೀತಾ ಹೋದ ಹಾಗೆ ಗಡ್ಡೆಗೆ ಆಸರೆಯಾಗಿರುವ ಕತ್ತು ಸಣ್ಣಗಾಗಿ ಸದ್ದೇ ಬದಲಾಗುತ್ತೆ. ಅಲ್ಲಿಗೆ ಲೇತ್ ನಿಲ್ಲಿಸಿ. ಅಂಗೈಯಿಂದ ಗಡ್ಡೆಯ ಅಂಚಿಗೊಂದು ಏಟು ಕೊಟ್ಟರೆ ಟಕ್ ಅಂತ ಮುರಿದು ಕೈಗೆ ಬರುತ್ತೆ. ಪೂರ್ತಿ ಕೊರೆಯೋಕೆ ಹೋದರೆ ತಿರುಗುತ್ತಿರುವಾಗಲೇ ಹಾರಿ ಬರಬಹುದು.

ಬಟ್ಟಲಿನ ಗೋಡೆ ತೆಳ್ಳಗೆ ಬಿಡಬೇಡಿ. ಅಗಲದ ಹತ್ತನೇ ಒಂದು ಭಾಗ ದಪ್ಪ ಇರಲಿ, ಅಂದರೆ 12 ಇಂಚಿನದಕ್ಕೆ ಸುಮಾರು 1.2 ಇಂಚು. ಒಣಗುವಾಗ ಅದು ಸೊಟ್ಟಗಾಗೋದು ಖಂಡಿತ, ಆಮೇಲೆ ಮತ್ತೆ ದುಂಡಗೆ ಕಡೆಯೋಕೆ ಮರ ಉಳಿದಿರಬೇಕಲ್ವಾ?

ಇದೆಲ್ಲ ಕರೆಂಟಿನ ಲೇತ್ ಬಂದ ಮೇಲಿನ ವಿದ್ಯೆ ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಬಕಲ್‌ಬರಿ ಕಾಮನ್ನಿನಲ್ಲಿದ್ದ ಜಾರ್ಜ್ ಲೇಲಿ ಕಾಲಲ್ಲಿ ತುಳಿಯುವ ಲೇತಿನಲ್ಲಿ, ಕೊಕ್ಕೆಯಂಥ ಉಳಿಗಳಿಂದ, ಎಲ್ಮ್ ಮರದ ಬಟ್ಟಲುಗಳನ್ನು ಹೀಗೇ ಒಂದರೊಳಗಿಂದೊಂದು ಬಿಡಿಸ್ತಿದ್ದರು. 1958ರಲ್ಲಿ ತೀರಿಕೊಂಡರು, ಅವರ ಲೇತ್ ಈಗ ರೆಡಿಂಗ್‌ನ ಗ್ರಾಮೀಣ ಬದುಕಿನ ಮ್ಯೂಸಿಯಮ್ಮಿನಲ್ಲಿದೆ.

ಇನ್ನು ಸಾಧನ ಕೊಳ್ಳುವ ಮೊದಲು ನಿಮ್ಮ ಲೇತಿನ ಮೋಟಾರ್ ನೋಡಿಕೊಳ್ಳಿ. ಸಣ್ಣ ಮೋಟಾರಾದರೆ ದೊಡ್ಡ ಗಡ್ಡೆಯ ನಡುವೆಯೇ ನಿಂತುಬಿಡುತ್ತೆ, ಸುಮ್ನೆ ದುಡ್ಡು ದಂಡ. ಶುರುವಿಗೆ ಒಂದೇ ಗಡ್ಡೆ, ಎರಡೇ ಬಟ್ಟಲು ಸಾಕು.