ಕರಿಬೇವಿನ ಗಿಡಕ್ಕೆ ಬರುವ ಕೆಂಪು ಮಚ್ಚೆಯ ಚಿಟ್ಟೆ ಯಾವುದು?

ಚಿಟ್ಟೆಯ ಹೆಸರು ಕೇಳುವವರು ನನಗೆ ಕಳುಹಿಸುವ ಫೋಟೋಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವು. ರೆಕ್ಕೆ ಪೂರ್ತಿ ಬಿಚ್ಚಿ ಕೂತಾಗ ಮೇಲಿನಿಂದ ತೆಗೆದದ್ದು, ಬಣ್ಣ ಚೆನ್ನಾಗಿ ಬಂದದ್ದು. ಅದು ಬೇಡವೆಂದಲ್ಲ. ಆದರೆ ಅದರ ಜೊತೆಗೆ ಪಕ್ಕದಿಂದ, ಹೊಟ್ಟೆ ಕಾಣುವಂತೆ ತೆಗೆದ ಇನ್ನೊಂದು ಫೋಟೋ ಮತ್ತು ಅದು ಯಾವ ಗಿಡದ ಮೇಲೆ ಕೂತಿತ್ತು ಎಂಬ ಒಂದು ಸಾಲು ಇದ್ದರೆ ಅರ್ಧ ಕೆಲಸ ಮುಗಿದಂತೆ. ಏಕೆಂದರೆ ಒಂದು ಚಿಟ್ಟೆ ಇನ್ನೊಂದರ ವೇಷ ಹಾಕುವಾಗ ಮೊದಲು ಎರವಲು ತರುವುದೇ ಬಣ್ಣವನ್ನು.

ಸಾಗರದ ಹತ್ತಿರದ ನಮ್ಮ ಹಿತ್ತಿಲಲ್ಲಿ ಕರಿಬೇವು, ನಿಂಬೆ ಗಿಡ ಮತ್ತು ಬೇಲಿಗೆ ಹಬ್ಬಿದ ಈಶ್ವರಿ ಬಳ್ಳಿ ಇವೆ. ಈ ಮೂರೂ ಇರುವ ಕಡೆ ಕಪ್ಪು ರೆಕ್ಕೆಯ, ಕೆಂಪು ಮಚ್ಚೆಯ ಚಿಟ್ಟೆಗಳು ಒಂದರ ಹಿಂದೊಂದು ಸುಳಿಯುತ್ತವೆ. ಮುಂದಿನ ರೆಕ್ಕೆಯಲ್ಲಿ ಬಿಳಿ ಪಟ್ಟೆ, ಹಿಂದಿನ ರೆಕ್ಕೆಯಲ್ಲಿ ಕಡುಗೆಂಪು ಮಚ್ಚೆಗಳಿದ್ದರೆ ಅದು ಕ್ರಿಮ್ಸನ್ ರೋಸ್. ಹಿಂದಿನ ರೆಕ್ಕೆಯ ನಡುವೆ ಬಿಳಿ, ಅಂಚಿನಲ್ಲಿ ಕೆಂಪು ಇದ್ದರೆ ಕಾಮನ್ ರೋಸ್. ಎರಡರ ಹುಳಗಳೂ ಈಶ್ವರಿ ಬಳ್ಳಿಯ ಎಲೆ ತಿಂದು ಬೆಳೆಯುತ್ತವೆ. ಆ ಬಳ್ಳಿಯ ವಿಷ ಮೈಯಲ್ಲೇ ಉಳಿಯುವುದರಿಂದ ಒಮ್ಮೆ ರುಚಿ ನೋಡಿದ ಹಕ್ಕಿ ಮತ್ತೆ ಇವುಗಳ ತಂಟೆಗೆ ಹೋಗುವುದಿಲ್ಲ. ಅವೂ ಅವಸರವಿಲ್ಲದೆ ನಿಧಾನವಾಗಿ ಹಾರಾಡಿಕೊಂಡಿರುತ್ತವೆ.

ಕಾಮನ್ ಮಾರ್ಮನ್ ಎಂಬ ಚಿಟ್ಟೆಗೆ ಈ ವಿಷವಿಲ್ಲ. ಅದರ ಹುಳ ಬೆಳೆಯುವುದು ನಾವು ಒಗ್ಗರಣೆಗೆ ಹಾಕುವ ಕರಿಬೇವಿನ ಮೇಲೆ, ನಿಂಬೆಯ ಮೇಲೆ. ಗಂಡು ಕಪ್ಪಗಿದ್ದು, ಹಿಂದಿನ ರೆಕ್ಕೆಗೆ ಅಡ್ಡಲಾಗಿ ಬಿಳಿ ಮಚ್ಚೆಗಳ ಸಾಲಿರುತ್ತದೆ. ಹೆಣ್ಣಿಗೆ ಮಾತ್ರ ಮೂರು ರೂಪ: ಒಂದು ಗಂಡಿನಂತೆಯೇ, ಒಂದು ಕಾಮನ್ ರೋಸ್‌ನಂತೆ, ಇನ್ನೊಂದು ಕ್ರಿಮ್ಸನ್ ರೋಸ್‌ನಂತೆ. ಒಂದೇ ಜಾತಿಯ ಹೆಣ್ಣುಗಳಲ್ಲಿ ಇಷ್ಟು ವೇಷಗಳಿರುವುದನ್ನು ಆಲ್ಫ್ರೆಡ್ ರಸೆಲ್ ವ್ಯಾಲೇಸ್ 1865ರಲ್ಲೇ ವಿವರಿಸಿದ್ದರು. ಅದರ ಹಿಂದೆ ಡಬಲ್‌ಸೆಕ್ಸ್ ಎಂಬ ಒಂದೇ ಜೀನ್ ಕೆಲಸ ಮಾಡುತ್ತದೆಂದು ಬೆಂಗಳೂರಿನ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು ತೋರಿಸಿಕೊಟ್ಟದ್ದು 2014ರಲ್ಲಿ. ಹಿತ್ತಿಲ ಕರಿಬೇವಿಗೆ ಬರುವ ಚಿಟ್ಟೆಯ ಬಗ್ಗೆ ನೂರೈವತ್ತು ವರ್ಷ ತಲೆ ಕೆಡಿಸಿಕೊಂಡ ಜನರಿದ್ದಾರೆ ಎಂಬುದೇ ನನಗೆ ಬಹಳ ಖುಷಿಯ ಸಂಗತಿ.

ಗುರುತು ಹಿಡಿಯಲು ರೆಕ್ಕೆಯನ್ನು ಬಿಟ್ಟು ಮೈಯನ್ನು ನೋಡಿ. ರೋಸ್‌ಗಳ ಹೊಟ್ಟೆಯಲ್ಲಿ ಕೆಂಪು ಎದ್ದು ಕಾಣುತ್ತದೆ. ಮಾರ್ಮನ್ ರೆಕ್ಕೆಯನ್ನು ಎಷ್ಟೇ ಸಿಂಗರಿಸಿಕೊಂಡಿರಲಿ, ಅದರ ಮೈ ಕಪ್ಪು. ನೆಲದಿಂದ ತಲೆಯೆತ್ತಿ ನೋಡಿದರೂ ಈ ವ್ಯತ್ಯಾಸ ಸಿಗುತ್ತದೆ, ದುಬಾರಿ ಕ್ಯಾಮೆರಾ ಬೇಕಾಗಿಲ್ಲ. ಇನ್ನೂ ಅನುಮಾನವಿದ್ದರೆ ಸ್ವಲ್ಪ ಹೊತ್ತು ಕಾಯಿರಿ. ಕರಿಬೇವಿನ ಚಿಗುರಿನ ಬಳಿ ರೆಕ್ಕೆ ಪಟಪಟಿಸುತ್ತಾ, ಮುಂಗಾಲಿನಿಂದ ಎಲೆಯನ್ನು ತಟ್ಟಿ ರುಚಿ ನೋಡಿ, ಹೊಟ್ಟೆಯ ತುದಿಯನ್ನು ಬಾಗಿಸಿ ತಿಳಿಹಳದಿಯ ಒಂದೇ ಒಂದು ದುಂಡು ಮೊಟ್ಟೆ ಅಂಟಿಸಿ ಹೋಯಿತೆಂದರೆ ಅದು ಮಾರ್ಮನ್ ಹೆಣ್ಣೇ. ರೋಸ್‌ಗೆ ಕರಿಬೇವಿನಲ್ಲಿ ಕೆಲಸವಿಲ್ಲ.

ಮೊಟ್ಟೆಯೊಡೆದು ಬರುವ ಹುಳ ಮೊದಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ, ಬೆಳೆದ ಮೇಲೆ ಹಸಿರಾಗುತ್ತದೆ. ನಮ್ಮತ್ತೆ ಮೊದಲೆಲ್ಲ ಕರಿಬೇವಿನ ಹುಳ ಕಂಡರೆ ಕಿತ್ತು ಎಸೆಯುತ್ತಿದ್ದರು. ಈಗ “ಮೇಲಿನ ಕೊಂಬೆ ನಿನ್ನ ಹುಳಗಳಿಗೆ, ಕೆಳಗಿನದು ಸಾರಿಗೆ” ಎಂದು ಪಾಲು ಮಾಡಿಕೊಟ್ಟಿದ್ದಾರೆ.

ರೆಕ್ಕೆಯಲ್ಲೇ ಉತ್ತರ ಸಿಗುವ ಜೋಡಿಗಳೂ ಇವೆ. ರಸ್ತೆ ಬದಿಯ ಎಕ್ಕದ ಗಿಡದ ಸುತ್ತ ಕಾಣುವ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಎಲ್ಲರಿಗೂ ಗೊತ್ತು. ಡನಾಯಿಡ್ ಎಗ್‌ಫ್ಲೈ ಹೆಣ್ಣು ಅದರ ಪಡಿಯಚ್ಚು: ಅದೇ ಕಿತ್ತಳೆ, ಮುಂದಿನ ರೆಕ್ಕೆಯ ತುದಿಯಲ್ಲಿ ಅದೇ ಕಪ್ಪು, ಅದರೊಳಗೆ ಅದೇ ಬಿಳಿ ಪಟ್ಟಿ. ಹಿಂದಿನ ರೆಕ್ಕೆಗೆ ಬನ್ನಿ. ಪ್ಲೇನ್ ಟೈಗರ್‌ಗೆ ಅಲ್ಲಿ ನಡುಭಾಗದಲ್ಲಿ ಮೂರು ಕಪ್ಪು ಚುಕ್ಕೆಗಳಿರುತ್ತವೆ, ಗಂಡಾದರೆ ಇನ್ನೊಂದು ಹೆಚ್ಚು. ಎಗ್‌ಫ್ಲೈಗೆ ಮೇಲಂಚಿನ ಬಳಿ ಒಂದೇ ಚುಕ್ಕೆ. ಇದು ಮೊಟ್ಟೆಯಿಡುವುದು ಎಕ್ಕದ ಮೇಲಲ್ಲ, ನೆಲದಲ್ಲಿ ಹರಡುವ ಗೋಣಿಸೊಪ್ಪಿನಂಥ ಗಿಡಗಳ ಮೇಲೆ. ಇದರ ಗಂಡಂತೂ ಯಾರ ವೇಷವನ್ನೂ ಹಾಕುವುದಿಲ್ಲ. ಕಪ್ಪು ರೆಕ್ಕೆಯ ಮೇಲೆ ನೇರಳೆ ಅಂಚಿನ ಬಿಳಿ ಮಚ್ಚೆಗಳೊಂದಿಗೆ ಬೇರೆಯೇ ಜಾತಿಯಂತೆ ಇರುತ್ತದೆ.

ಕೊಡಗಿನ ಕಾಫಿ ತೋಟದವರು ಕಾಮನ್ ಜೆಜೆಬೆಲ್ ಎಂದು ಕಳುಹಿಸುವ ಫೋಟೋಗಳನ್ನು ನಾನು ಹಿಗ್ಗಿಸಿ ನೋಡದೆ ಬಿಡುವುದಿಲ್ಲ. ರೆಕ್ಕೆ ಮುಚ್ಚಿದಾಗ ಅಂಚಿನಲ್ಲಿ ಕಾಣುವ ಕೆಂಪು ಮಚ್ಚೆಗಳು ಹೊರಕ್ಕೆ ಚೂಪಾಗಿದ್ದರೆ ಜೆಜೆಬೆಲ್ ಸರಿ. ಚೌಕಾಕಾರವಾಗಿದ್ದರೆ ಅದು ಪೇಂಟೆಡ್ ಸಾಟೂತ್. ಪಶ್ಚಿಮ ಘಟ್ಟದಲ್ಲೂ ಅದು ಅಪರೂಪ, ಹಾಗಾಗಿ ಅಂಥ ಫೋಟೋಗೆ ದಿನಾಂಕ, ಸ್ಥಳ ಎರಡನ್ನೂ ದಯವಿಟ್ಟು ಬರೆದಿಡಿ.

ಹಳದಿ ಪುಟಾಣಿಗಳಾದ ಗ್ರಾಸ್ ಯೆಲ್ಲೋಗಳ ವಿಷಯದಲ್ಲಿ ಮಾತ್ರ ನಾನು ಜಾಗ್ರತೆ ವಹಿಸುತ್ತೇನೆ. ಅವು ಕೂತೊಡನೆ ರೆಕ್ಕೆ ಮುಚ್ಚಿಬಿಡುತ್ತವೆ. ಆಗ ಮುಂದಿನ ರೆಕ್ಕೆಯ ಅಡಿಬದಿಯ ಬುಡದ ಕಡೆ ಕಾಣುವ ಗುರುತುಗಳನ್ನು ಎಣಿಸಬೇಕು: ಎರಡಾದರೆ ಕಾಮನ್, ಮೂರಾದರೆ ತ್ರೀ ಸ್ಪಾಟ್. ಆದರೆ ಋತು ಬದಲಾದಂತೆ ರೆಕ್ಕೆಯ ಗುರುತುಗಳೂ ಬದಲಾಗುತ್ತವೆ, ಆ ಲೆಕ್ಕವನ್ನೇ ಪೂರ್ತಿ ನಂಬುವಂತಿಲ್ಲ. ಮೊಟ್ಟೆಯಿಡುವುದನ್ನು ಕಂಡಿದ್ದರೆ ತಿಳಿಸಿ. ಕಾಮನ್ ಒಂದೊಂದಾಗಿ ಇಡುತ್ತದೆ, ತ್ರೀ ಸ್ಪಾಟ್ ಗುಂಪಾಗಿ. ಅದೂ ಗೊತ್ತಿಲ್ಲ, ಗುರುತೂ ಮಸುಕಾಗಿದೆ ಎಂದಾದರೆ ‘ಗ್ರಾಸ್ ಯೆಲ್ಲೋ’ ಎಂದಷ್ಟೇ ಉತ್ತರ ಬರೆಯುತ್ತೇನೆ.