ಗಿರಣಿಯ ನೆಲಮಾಳಿಗೆ

ಇವತ್ತು ಮಕ್ಕಳ ಜೊತೆ ಓಕ್ ಬ್ರೂಕ್ ಕಡೆ ಹೋಗಿದ್ವಿ, ಶಿಕಾಗೋ ಪಕ್ಕದಲ್ಲೇ.
ಸಾಲ್ಟ್ ಕ್ರೀಕ್ ದಂಡೆಯಲ್ಲಿ ಕೆಂಪು ಇಟ್ಟಿಗೆಯ ಗ್ರೌ ಗಿರಣಿ. 1852ರದ್ದು.

ಕಟ್ಟಿದವನು ಫ್ರೆಡ್ರಿಕ್ ಗ್ರೌ, ಜರ್ಮನಿಯಿಂದ ಬಂದವನು. ರೈತನೂ ಹೌದು.
ಇಟ್ಟಿಗೆಗೆ ಮಣ್ಣು ಅವನ ಹೊಲದ್ದೇ. ಬೀಸುವ ಕಲ್ಲು ಮಾತ್ರ ಫ್ರಾನ್ಸಿನವು.
ನೀರಿನ ಚಕ್ರ ತಿರುಗಿದ್ರೆ ಗೋಧಿ, ಮೆಕ್ಕೆಜೋಳ ಎಲ್ಲಾ ಹಿಟ್ಟು.

ನನ್ನ ಮನಸ್ಸು ಸಿಕ್ಕಿಕೊಂಡಿದ್ದು ನೆಲಮಾಳಿಗೆಯಲ್ಲಿ.
ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರನ್ನ ಗ್ರೌ ಅಲ್ಲೇ ಬಚ್ಚಿಡ್ತಿದ್ದ.

1850ರ ಕಾನೂನು ನೋಡಿ. ಓಡಿಬಂದ ಗುಲಾಮರಿಗೆ ಆಸರೆ ಕೊಟ್ಟರೆ 1000 ಡಾಲರ್‌ವರೆಗೆ ದಂಡ, 6 ತಿಂಗಳವರೆಗೆ ಜೈಲು.
ಗುಲಾಮಗಿರಿ ಇಲ್ಲದ ರಾಜ್ಯವಾಗಿದ್ದ, ಈ ಗಿರಣಿ ಇರೋ ಇಲಿನಾಯ್‌ನಲ್ಲೂ ಅದೇ ಕಾನೂನು.

ಒಂಟಿ ಮನೆಯಲ್ಲಿ ಬಚ್ಚಿಡೋದು ಬೇರೆ. ಗಿರಣಿ ಅಂದ್ರೆ ನಾಲ್ಕೂರ ಜನ ಮೂಟೆ ಹೊತ್ತು ಬರೋ ಜಾಗ!
ಸರದಿ ಕಾಯ್ತಾ ಕೂತವರ ಬಾಯಿಗೆ ಬೀಗ ಇರತ್ತಾ?
ಅವರ ಕಾಲ ಕೆಳಗೇ, ಹಗಲೆಲ್ಲಾ ಸದ್ದು ಮಾಡದೆ ಕೂತ ಜನ.

ಅವರಲ್ಲಿ ಹೆಚ್ಚಿನವರ ಹೆಸರು ಯಾವ ಫಲಕದಲ್ಲೂ ಇಲ್ಲ. ಗಿರಣಿಯವನ ಹೆಸರು ಉಳಿದಿದೆ, ಉಳಿಯಲೇಬೇಕು.
ಆದರೆ ಕತ್ತಲಲ್ಲಿ ಅಷ್ಟು ದೂರ ನಡೆದು ಬಂದವರು ಅವರು. ಮಕ್ಕಳಿಗೆ ನಾನು ಮೊದಲು ಹೇಳಿದ್ದು ಅವರ ಕತೆಯನ್ನೇ.